ಬ್ರಿಟನ್ನಿನ ತೀವ್ರ ಬಲಪಂಥೀಯ ಪಕ್ಷಗಳು ಪದೇ ಪದೇ ಒಡೆಯೋದು ಯಾಕ?

ಪ್ರಶ್ನೆ – ರಾಜ್ಯಶಾಸ್ತ್ರ ವಿದ್ಯಾರ್ಥಿ, ಕಲಬುರಗಿ
ಸೆಮಿನಾರಿಗೆ ನ್ಯಾಷನಲ್ ಫ್ರಂಟ್, ಬಿಎನ್‌ಪಿ (ಬ್ರಿಟಿಷ್ ನ್ಯಾಷನಲ್ ಪಾರ್ಟಿ) ತಗೊಂಡೀನಿ. ವಿಚಾರ ಒಂದೇ ಇದ್ದರೂ ಇಷ್ಟು ತುಂಡು ಯಾಕ ಆದವು? ಅಲ್ಲಿ ಹೊಸ ಪಕ್ಷ ನೋಂದಾಯಿಸೋದು ಅಷ್ಟು ಸುಲಭ ಅದ ಏನ್ರಿ?

ಉತ್ತರ – ಬೀದರ್ ಓದುಗ
ಸುಲಭ ಅದ ರಿ. ನಮ್ಮ ಚುನಾವಣಾ ಆಯೋಗ ಕನಿಷ್ಠ 100 ಸದಸ್ಯರನ್ನ ಕೇಳ್ತದ, ಶುಲ್ಕ 10,000 ರೂಪಾಯಿ. ಅಲ್ಲಿ ಇಬ್ಬರು ಪದಾಧಿಕಾರಿಗಳು, ಪಕ್ಷದ ನಿಯಮಾವಳಿ, ಹಣಕಾಸಿನ ಯೋಜನೆ, 150 ಪೌಂಡ್ ಇದ್ದರೆ ಅರ್ಜಿ ಹಾಕಬಹುದು. ತಪ್ಪೋದು ಆಮೇಲೆ: ಪ್ರತಿವರ್ಷ ವಿವರ ದೃಢಪಡಿಸಿ 25 ಪೌಂಡ್ ಕಟ್ಟಬೇಕು. 2016ರ ಜನವರಿಯಾಗ ಇಷ್ಟು ಮಾಡದೆ ಬಿಎನ್‌ಪಿ ಹೆಸರೇ ಪಟ್ಟಿಯಿಂದ ಹೋತು, ಮತ್ತ ನೋಂದಾಯಿಸಬೇಕಾಯ್ತು.

ಉತ್ತರ – ಯಾದಗಿರಿ ಉಪನ್ಯಾಸಕ
ನೋಂದಣಿ ಸುಲಭ ಅಂತ ಯಾರೂ ಪಕ್ಷ ಒಡೆಯಂಗಿಲ್ಲ. ಮೊದಲು ಸೋಲು, ಆಮೇಲೆ ಕುರ್ಚಿ ಜಗಳ. 1979ರಾಗ ನ್ಯಾಷನಲ್ ಫ್ರಂಟ್ 303 ಕಡೆ ನಿಂತು ಎಲ್ಲಾ ಠೇವಣಿ ಕಳಕೊಂಡಿತು. ತಲಾ 150 ಪೌಂಡಿನಂತೆ 45,450 ಪೌಂಡ್ ಹೋತು. ಮರುವರ್ಷ ಅದರ ನಾಯಕ ಜಾನ್ ಟಿಂಡಾಲ್ ಹೊರಬಿದ್ದು, 1982ರಾಗ ಬಿಎನ್‌ಪಿ ಕಟ್ಟಿದ. ಸಮಿತಿ ಜಗಳ ಕಂಡಿದ್ದ ಅಂವ ಹೊಸ ಪಕ್ಷದಾಗ ಅಧಿಕಾರವೆಲ್ಲ ಅಧ್ಯಕ್ಷನ ಕೈಗೇ ಕೊಟ್ಟ. ಇದೇ ಮುಖ್ಯ ಕಾರಣ ಅಂತ ನನ್ನ ಖಚಿತ ಅಭಿಪ್ರಾಯ: ಒಳಗಿದ್ದು ನಾಯಕನನ್ನ ಇಳಿಸೋ ದಾರಿ ಇಕ್ಕಟ್ಟಾದರೆ ಭಿನ್ನಮತದವರು ಹೊರಗೇ ಹೋಗ್ತಾರ. 2011ರ ಬಿಎನ್‌ಪಿ ಅಧ್ಯಕ್ಷ ಚುನಾವಣೆ ನೋಡ್ರಿ. ಅಧ್ಯಕ್ಷನಾಗಿದ್ದ ನಿಕ್ ಗ್ರಿಫಿನ್‌ಗೆ 1,157 ಮತ, ಎದುರಾಳಿ ಆಂಡ್ರ್ಯೂ ಬ್ರಾನ್ಸ್‌ಗೆ 1,148. ಅಂತರ ಒಂಬತ್ತೇ ಮತ! ಬ್ರಾನ್ಸ್ 2012ರಾಗ ಪಕ್ಷ ಬಿಟ್ಟರು, 2013ರಾಗ ಬ್ರಿಟಿಷ್ ಡೆಮಾಕ್ರಟಿಕ್ ಪಾರ್ಟಿ ಬಂತು. 2014ರಾಗ ಗ್ರಿಫಿನ್ನನ್ನೂ ಉಚ್ಚಾಟಿಸಿದರು.

ಉತ್ತರ – ಬೀದರ್ ಓದುಗ
ಒಪ್ತೀನಿ ಸರ್. ಠೇವಣಿ ಲೆಕ್ಕ ಬರಿವಾಗ ಇಸವಿ ನೋಡಿ ಬರಿಬೇಕು. 1985ಕ್ಕಿಂತ ಮೊದಲು 150 ಪೌಂಡ್, ಉಳಿಸಲಿಕ್ಕೆ ಶೇ. 12.5 ಮತ. ಆಮೇಲೆ 500 ಪೌಂಡ್, ಶೇ. 5. ನಮ್ಮ ಲೋಕಸಭೆಗೆ ಬೀದರ್‌ದಾಗ ಸಾಮಾನ್ಯ ಅಭ್ಯರ್ಥಿಗೆ 25,000, ಮೀಸಲು ಕ್ಷೇತ್ರ ಕಲಬುರಗಿಯಾಗ 12,500 ರೂಪಾಯಿ, ಎರಡೂ ಕಡೆ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಬೇಕು. ಒಟ್ಟು ಮತ ಒಂದೇ ಹೇಳಬ್ಯಾಡ್ರಿ, ಅಭ್ಯರ್ಥಿಗಳ ಸಂಖ್ಯೆಯಿಂದ ಭಾಗಿಸ್ರಿ. 1979ರ 1,91,719 ಮತ ಕ್ಷೇತ್ರಕ್ಕ ಸುಮಾರು 630 ಅಷ್ಟೇ.

ಪ್ರಶ್ನೆ – ರಾಜ್ಯಶಾಸ್ತ್ರ ವಿದ್ಯಾರ್ಥಿ, ಕಲಬುರಗಿ
1960ರ ದಶಕದಾಗೂ ಬಿಎನ್‌ಪಿ ಇತ್ತಂತ ಬರ್ತದಲ್ರಿ?

ಉತ್ತರ – ಯಾದಗಿರಿ ಉಪನ್ಯಾಸಕ
ಅದು ಬ್ಯಾರೆ ಪಕ್ಷ. 1967ರಾಗ ಎ. ಕೆ. ಚೆಸ್ಟರ್‌ಟನ್ ಕಟ್ಟಿದ್ದ ಲೀಗ್ ಆಫ್ ಎಂಪೈರ್ ಲಾಯಲಿಸ್ಟ್ಸ್ ಅನ್ನೋ ಸಂಘಟನೆ ಜೊತೆ ಸೇರಿ ನ್ಯಾಷನಲ್ ಫ್ರಂಟ್ ಆಯ್ತು. ಈ ಪಕ್ಷಗಳ ಒಡಕಿನ ನಕ್ಷೆ ಬರಿವಾಗ ಪ್ರತಿ ಹೆಸರಿನ ಮುಂದ ಸ್ಥಾಪನೆ ವರ್ಷ ಹಾಕ್ರಿ. ನೋಂದಣಿ ಕಾಯ್ದೆ ಬಂದದ್ದೇ 1998ರಾಗ. ಅದಕ್ಕ ಮೊದಲು ಒಂದೇ ಹೆಸರು ಇಬ್ಬರು ಇಟ್ಕೊಳ್ತಿದ್ದರು, 1986ರ ಒಡಕಿನ ನಂತರ ಎರಡು ನ್ಯಾಷನಲ್ ಫ್ರಂಟ್ ಇದ್ದವು.