ನದಿ ಮುಚ್ಚಿದ ವಿಷ್ಯ: ಮಾಮಾಗೂ ಪಲ್ಲವಿಗೂ ಸೇರಿಸಿ ಒಂದೇ ಉತ್ತರ

ಮಾಮಾ, ಪಲ್ಲವಿ, ಇಬ್ಬರ ಮೆಸೇಜೂ ನೋಡಿದೆ. ಗ್ರೂಪಿನ ಉಳಿದೋರಿಗೂ ತಿಳೀಲಿ ಅಂತ ಮೊದಲು ಸುದ್ದಿ ಹೇಳಿಬಿಡ್ತೀನಿ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಾಗೆ ಮ್ಯಾಜಿಕ್ ಕಿಂಗ್‌ಡಮ್ ಅಂತ ಪಾರ್ಕ್ ಐತಲ್ಲ, ಅದರೊಳಗೆ ಒಂದು ಕೃತಕ ನದಿ, ನದಿ ನಡುವೆ ಟಾಮ್ ಸಾಯರ್ ದ್ವೀಪ, ದ್ವೀಪದ ಸುತ್ತ ಒಂದು ಹಬೆ ಹಡಗು ಇದ್ವು. 2025ರ ಜುಲೈ 6 ಅವಕ್ಕೆ ಕೊನೇ ದಿನ. ಅಲ್ಲಿ ಈಗ ಕಾರ್ಸ್ ಸಿನಿಮಾದ ಪಾತ್ರಗಳನ್ನ ಇಟ್ಕೊಂಡು ಬೆಟ್ಟ, ಜಲಪಾತ ಇರೋ ಹೊಸ ಜಾಗ ಕಟ್ತಾ ಇದಾರೆ. 50 ವರ್ಷದ ಜಾಗ ಹಾಳು ಮಾಡಿದ್ರು ಅಂತ ಪಲ್ಲವಿ. ಅರ್ಧ ಖಾಲಿ ಹಡಗು ಎಷ್ಟು ದಿನ ಸುತ್ತಿಸೋದು, ಹೊಸದು ಬರ್ಲಿ ಬಿಡ್ರಿ ಅಂತ ಮಾಮಾ.

ನನಗೆ ಪಲ್ಲವಿ ಪರವೇ ಸರಿ ಅನ್ಸತ್ತೆ. ಆದ್ರೆ ಹಳೇದು ಅನ್ನೋ ಕಾರಣಕ್ಕಲ್ಲ. ಲೆಕ್ಕದ ಕಾರಣಕ್ಕೆ.

ಮಾಮಾ, ನೀವು ಅರ್ಧ ಖಾಲಿ ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡೋಣ. ಆ ಲಿಬರ್ಟಿ ಬೆಲ್ ಹಡಗು ಒಂದು ಸಲಕ್ಕೆ ಸುಮಾರು 400 ಜನ ಹಿಡೀತಿತ್ತು. ಒಂದು ಸುತ್ತಿಗೆ 17 ನಿಮಿಷ, ಅರ್ಧ ಗಂಟೆಗೊಂದು ಸಲ ಹೊರಡೋದು. ಪೂರ್ತಿ ತುಂಬಿದ್ರೆ ಗಂಟೆಗೆ 800, ಅರ್ಧ ಖಾಲಿ ಹೋದ್ರೂ 400. ಬಂದೋರನ್ನೆಲ್ಲ ಹತ್ತಿಸ್ಕೊಂಡು ಹೋಗ್ತಿತ್ತು, ಯಾರನ್ನೂ ದಡದಾಗೆ ಬಿಟ್ಟು ಹೋಗ್ತಿರಲಿಲ್ಲ. ದ್ವೀಪದ್ದೂ ಹಂಗೇ, ತೆಪ್ಪದಾಗೆ ದಾಟಿಸಿಬಿಟ್ರೆ ಮಕ್ಕಳು ಗುಹೆ, ಸೇತುವೆ, ಕೋಟೆ ಅಂತ ಒಂದು ತಾಸು ಓಡಾಡ್ಕೊಂಡು ಇರ್ತಿದ್ರು. ಆ ಒಂದು ತಾಸು ಅಷ್ಟೂ ಜನ ಬೇರೆ ಯಾವ ಸಾಲಿನಾಗೂ ಇರ್ತಿರಲಿಲ್ಲ. ಪಾರ್ಕ್ ನಡೆಸೋರಿಗೆ ಇದರಷ್ಟು ಬೆಲೆ ಬಾಳೋದು ಬೇರೆ ಇಲ್ಲ, ಆದ್ರೆ ಕಣ್ಣಿಗೆ ಕಾಣಲ್ಲ. ಉದ್ದ ಸಾಲು ನಿಂತ ಕಡೆ ಬೇಡಿಕೆ ಐತಿ ಅಂತೀವಿ, ಸಾಲೇ ಇಲ್ಲದ ಕಡೆ ಯಾರಿಗೂ ಬೇಡಾಗೈತಿ ಅಂತೀವಿ.

ಈಗ ಆ ಹೊಸ ಜಾಗದಾಗೆ ಬರೋ ಕಾರಿನ ರೈಡ್ ತಗೊಳ್ರಿ. ಇದು ಉದಾಹರಣೆಗೆ ಅಷ್ಟೇ, ಅವರ ಲೆಕ್ಕ ಅಲ್ಲ. ಒಂದು ಗಾಡಿಗೆ 6 ಜನ, 20 ಸೆಕೆಂಡಿಗೊಂದು ಗಾಡಿ ಬಿಟ್ರು ಅನ್ನಿ. ಗಂಟೆಗೆ 180 ಗಾಡಿ, 1080 ಜನ. ಕಾಗದದ ಮೇಲೆ ಚೆಂದ. ಆದ್ರೆ ಪ್ರತೀ ಗಾಡಿಗೂ ಬೆಲ್ಟ್ ಎಳೆದು ನೋಡಬೇಕು, ಬ್ಯಾಗ್ ಇಡಿಸಬೇಕು, ಅಳೋ ಮಗೂನ ಸಮಾಧಾನ ಮಾಡಬೇಕು. 20 ಸೆಕೆಂಡ್ ಹೋಗಿ 30 ಆದ್ರೆ 120 ಗಾಡಿ, 720 ಜನ. ಮೂವರ ಮನೆಯೋರು, ಐವರ ಮನೆಯೋರು ಬಂದು ಸೀಟು ಖಾಲಿ ಉಳಿದು ಸರಾಸರಿ 5 ಜನ ಕೂತ್ರೆ 600. ದುಗ್ಗಮ್ಮನ ಜಾತ್ರ್ಯಾಗೆ ಜೈಂಟ್ ವ್ಹೀಲ್ ನೋಡ್ರಿ, ತಿರುಗೋ ಹೊತ್ತಿಗಿಂತ ಒಂದೊಂದೇ ತೊಟ್ಟಿಲು ಕೆಳಗೆ ತಂದು ಇಳಿಸಿ ಹತ್ತಿಸೋ ಹೊತ್ತೇ ಜಾಸ್ತಿ. ರೈಡಿನ ತಾಕತ್ತು ಇರೋದು ವೇಗದಾಗಲ್ಲ, ಹತ್ತೋ ಜಾಗದಾಗೆ.

ಅದೇ ನದಿ ದಡದ ಹಾಂಟೆಡ್ ಮ್ಯಾನ್ಷನ್ ಅನ್ನೋ ದೆವ್ವದ ಮನೆ ರೈಡ್ ಗಂಟೆಗೆ 2000ಕ್ಕಿಂತ ಹೆಚ್ಚು ಜನರನ್ನ ಸಾಗಿಸ್ತತಿ. ಯಾಕಂದ್ರೆ ಅದರ ಕುರ್ಚಿಗಳು ಸರಪಳಿ ಹಂಗೆ ನಿಲ್ಲದೆ ಬರ್ತಾವೆ, ಕೆಳಗೆ ಪಟ್ಟಿನೂ ಅದೇ ವೇಗಕ್ಕೆ ಚಲಿಸ್ತತಿ, ನಡೀತಾ ನಡೀತಾನೇ ಕೂತ್ಕೊಳ್ಳೋದು. ಕಾರಿನ ಓಟದ ರೈಡಿಗೆ ಇದು ಆಗಲ್ಲ. ಅದಕ್ಕೆ ದಾರೀನ ತುಂಡು ತುಂಡು ಮಾಡ್ತಾರೆ, ಬ್ಲಾಕ್ ಅಂತಾರೆ. ಒಂದು ತುಂಡಿನಾಗೆ ಒಂದೇ ಗಾಡಿ. ಮುಂದಿನ ತುಂಡು ಖಾಲಿ ಆಗೋವರೆಗೂ ಹಿಂದಿನದ್ದು ಒಳಗೆ ಹೋಗಂಗಿಲ್ಲ. ಹತ್ತೋ ಕಡೆ ಒಂದು ಗಾಡಿ ತಡ ಆದ್ರೆ ಮುಗಿಸಿ ಬಂದ ಗಾಡಿಗೆ ಒಳಗೆ ಜಾಗ ಇರಲ್ಲ, ಅದರ ಹಿಂದಿನದ್ದು ನಿಲ್ತತಿ, ಹಿಂಗೇ ಪೂರಾ ದಾರಿ ನಿಲ್ತತಿ. ಆಮೇಲೆ ಶುರು ಮಾಡಬೇಕಂದ್ರೆ ಕಂಪ್ಯೂಟರಿಗೆ ಪ್ರತೀ ಗಾಡಿ ಎಲ್ಲೈತಿ ಅಂತ ಖಾತ್ರಿ ಆಗಬೇಕು. ಒಂದು ಸೆನ್ಸರ್ ಸುಳ್ಳು ಹೇಳಿದ್ರೂ ಜನರನ್ನ ಮಧ್ಯದಾಗೇ ಇಳಿಸಿ ನಡೆಸ್ಕೊಂಡು ಬರಬೇಕಾಗ್ತತಿ.

ಮಾಮಾ, ಇಲ್ಲೇ ನನ್ನ ತಕರಾರು. ಕಾರ್ಸ್‌ಗೆ ಗಂಟೆಗೆ 2000 ಜನ ಬಂದು ನಿಂತು, ರೈಡ್ ನುಂಗೋದು 700 ಆದ್ರೆ, ಉಳಿದ 1300 ಜನ ಸಾಲಿನಾಗೆ. ಪಾರ್ಕಿಗೆ ಜಾಗ ಹೆಚ್ಚಾಗಲಿಲ್ಲ, ಸಾಲು ಹೆಚ್ಚಾಯ್ತು. ಚಿಕ್ಕ ಮಕ್ಕಳಿಗೆ ಅಂತ ಎರಡನೇ ರೈಡೂ ಕೊಡ್ತಾರಂತೆ, ಅದು ಒಳ್ಳೇದೇ. ಆದ್ರೂ ಅದು ತೂಗೋದು ದ್ವೀಪಕ್ಕೆ ಅಷ್ಟೇ, ಹಡಗಿಗೂ ಸೇರಿಸಿ ಅಲ್ಲ.

ಇನ್ನು ಮಳೆ. ಫ್ಲೋರಿಡಾದಾಗೆ ಜೂನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಸಿಡಿಲು ಮಾಮೂಲು. ಸಿಡಿಲು ಹತ್ತಿರ ಬಂತು ಅಂದ್ರೆ ಬಯಲಿನ ರೈಡೆಲ್ಲ ಬಂದ್. ಅಷ್ಟೂ ಜನ ಒಂದೇ ಸಲ ಸೂರು ಹುಡುಕ್ತಾರೆ. ಇದಕ್ಕೆ ಹಡಗೂ ನಿಲ್ತಿತ್ತು, ಅದನ್ನ ಒಪ್ಕೋತೀನಿ. ನನಗೆ ಚಿಂತೆ ಆಗೋದು ಪಕ್ಕದ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಾಗೆ ಮಪೆಟ್ ವಿಷನ್ 3ಡಿ ಥಿಯೇಟರನ್ನೂ 2025ರ ಜೂನ್‌ನಾಗೇ ತೆಗೆದದ್ದು. 1991ರದ್ದು, ಸುಮಾರು 580 ಸೀಟು, ಏಸಿ, ಕಾಲು ಚಾಚಿ ಕೂರೋ ಜಾಗ. ಅಂಥದ್ದು ಹೋದ್ರೆ ಮಳೆ ಬಂದಾಗ ಜನ ನುಗ್ಗೋದು ಅಂಗಡಿಗೆ, ಹೋಟೆಲ್ಲಿಗೆ. ಅಲ್ಲಿ ಬಾಗಿಲನಾಗೇ ನಿಂತ್ಕೋತಾರೆ.

ನದಿ ಮುಚ್ಚೋದು ಒಂದು ವಾರದ ಕೆಲ್ಸ ಅಂತ ಯಾರೋ ಬರೆದಿದ್ರಿ. ಅಲ್ಲ. ಒಂದು ಎಕರೆ ಅಂದ್ರೆ 4047 ಚದರ ಮೀಟರ್. ಸರಾಸರಿ 2 ಮೀಟರ್ ತುಂಬಬೇಕು ಅನ್ನಿ, ಸುಮಾರು 8100 ಘನ ಮೀಟರ್ ಮಣ್ಣು. ಸಡಿಲ ಮಣ್ಣು ರೋಲರ್ ಹೊಡೆದ ಮೇಲೆ ಕುಗ್ಗೋದಕ್ಕೆ ಶೇಕಡ 20 ಸೇರಿಸ್ರಿ, 9700. 10 ಘನ ಮೀಟರ್ ಹಿಡಿಯೋ ಟಿಪ್ಪರ್‌ನಾಗೆ 970 ಲೋಡು, ಒಂದೇ ಎಕರೆಗೆ. ಅದಕ್ಕೂ ಮುಂಚೆ ನೀರು ಖಾಲಿ ಮಾಡಿ, ಮೀನು ಹಿಡಿದು ಬೇರೆ ಕಡೆ ಬಿಟ್ಟು, ತಳದ ಕೊಳೆತ ಕೆಸರು ಪೂರ್ತಿ ತೆಗೀಬೇಕು. ಕೆಸರಿನ ಮೇಲೇ ಮಣ್ಣು ಹಾಕಿದ್ರೆ ವರ್ಷಗಟ್ಲೆ ಕುಸೀತಾ ಹೋಗ್ತತಿ. ರೈಡಿನ ದಾರಿ ಒಂದು ಕಡೆ ಸ್ವಲ್ಪ ಇಳಿದ್ರೂ ಚಕ್ರ ಒಂದೇ ಪಕ್ಕ ಸವೀತತಿ, ಬೋಲ್ಟ್ ಸಡಿಲ ಆಗ್ತಾವೆ. ನಮ್ಮ ದಾವಣಗೆರೆ ಎರೆ ಮಣ್ಣು ನೀರು ಕುಡಿದು ಉಬ್ಬಿ, ಬೇಸಿಗೇಲಿ ಬಿರುಕು ಬಿಡ್ತತಿ. ಅಲ್ಲಿ ತೊಂದ್ರೆ ಬೇರೆ, ಮರಳು ನೆಲ, ನೀರು ಮೇಲೇ ಸಿಗ್ತತಿ. ಮ್ಯಾಜಿಕ್ ಕಿಂಗ್‌ಡಮ್‌ನಾಗೆ ಕೆಲಸದೋರು ಓಡಾಡೋ ಸುರಂಗ ನೆಲದ ಮಟ್ಟದಾಗೇ ಕಟ್ಟಿ, ಪಕ್ಕದ ಸೆವೆನ್ ಸೀಸ್ ಲಗೂನ್ ಕೆರೆ ತೋಡಿದ ಮಣ್ಣು ಸುತ್ತ ಏರಿಸಿದ್ದು ಅದಕ್ಕೇ. ನಾವು ನಡೆಯೋದು ಒಂದು ಅಂತಸ್ತು ಮೇಲೆ. ಹಂಗಾಗಿ ನದಿ ತೆಗೆದ್ರೆ ಮಳೆ ನೀರು ಎಲ್ಲಿ ಹೋಗಬೇಕು ಅನ್ನೋದಕ್ಕೂ ಬೇರೆ ದಾರಿ ಮಾಡ್ಲೇಬೇಕು.

ಹಡಗು ಇಟ್ಕೊಳ್ಳೋದು ಸುಲಭ ಅಂತಲೂ ನಾನು ಹೇಳಲ್ಲ. ಅದು ನಿಜವಾದ ಹಬೆಯ ಹಡಗು. ಡೀಸೆಲ್ ಉರಿಸಿ ಬಾಯ್ಲರ್‌ನಾಗೆ ಹಬೆ ಮಾಡಿ, ಆ ಹಬೆಯಿಂದಲೇ ಹಿಂದಿನ ದೊಡ್ಡ ಚಕ್ರ ತಿರುಗ್ತಿತ್ತು. ದಾರಿ ಹಿಡಿಯಾಕೆ ನೀರೊಳಗೆ ಒಂದು ಹಳಿ ಇತ್ತು, ಕ್ಯಾಪ್ಟನ್ ತಿರುವೋದೇನೂ ಇರಲಿಲ್ಲ, ವೇಗ ನೋಡ್ಕೊಂಡ್ರೆ ಸಾಕು. ಬಾಯ್ಲರಿನ ತಪಾಸಣೆ ತಪ್ಪಿಸಂಗಿಲ್ಲ, ಚಕ್ರದ ಹಲಗೆ ನೆನೆದು ಕೊಳೀತಾವೆ, ಹಳಿ ರಿಪೇರಿ ಬಂತು ಅಂದ್ರೆ ನದೀನೇ ಖಾಲಿ ಮಾಡಬೇಕು. ಖರ್ಚು ನಿಜ.

ಆದ್ರೆ ಬೇರೆ ದಾರಿ ಇತ್ತು, ಅದೇ ಕಂಪನಿ ಮಾಡಿ ತೋರಿಸಿತ್ತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಾಗೆ ಸ್ಟಾರ್ ವಾರ್ಸ್ ಸಿನಿಮಾದ ಹೊಸ ಜಾಗಕ್ಕೆ 14 ಎಕರೆ ಬೇಕಾದಾಗ, 2016ರ ಜನವರಿಯಾಗೆ ನದಿ ನಿಲ್ಲಿಸಿ, ಅದನ್ನ ಗಿಡ್ಡ ಮಾಡಿ, ರೈಲು ದಾರಿ ತಿರುಗಿಸಿ, ಹೊಸ ಬಂಡೆ, ಜಲಪಾತ ಕಟ್ಟಿ, 2017ರ ಜುಲೈನಾಗೆ ಮತ್ತೆ ಬಿಟ್ರು. 1955ರ ಮಾರ್ಕ್ ಟ್ವೈನ್ ಹಡಗು ಅಲ್ಲಿ ಉಳೀತು, 2019ಕ್ಕೆ ಹೊಸ ಜಾಗಾನೂ ತೆರೀತು. ಫ್ಲೋರಿಡಾದಾಗೂ ಬಿಗ್ ಥಂಡರ್ ಅನ್ನೋ ರೈಡಿನ ಬೆಟ್ಟದ ಹಿಂದೆ ಖಳನಾಯಕರ ಜಾಗ ಅಂತ ಇನ್ನೊಂದು ಕಟ್ತೀವಿ ಅಂತ ಅವರೇ ಹೇಳ್ಯಾರೆ. ಅಂದ್ಮೇಲೆ ಕಾರ್ಸನ್ನೂ ಆ ಕಡೆಗೇ ತಳ್ಳಿ, ನದೀನ ಅರ್ಧಕ್ಕಾದ್ರೂ ಉಳಿಸಬಹುದಿತ್ತು.

ಚಿಕ್ಕಪ್ಪ ಕೇಳಿದ್ರಿ, ಡಿಸ್ನಿ ವರ್ಲ್ಡ್‌ನೋರು 25 ಸಾವಿರ ಎಕರೆ ಇಟ್ಕೊಂಡು ಇರೋದನ್ನೇ ಯಾಕೆ ಕೆಡವಬೇಕು ಅಂತ. ಅದರಾಗೆ ಬಹಳಷ್ಟು ಜೌಗು ಭೂಮಿ, ಕಟ್ಟಾಕೆ ಬಿಡಲ್ಲ. ಉಳಿದದ್ದರಾಗೂ ಪಾರ್ಕಿನ ಹಿಂದುಗಡೆ ರಸ್ತೆ, ಕಾಲುವೆ, ಗೋದಾಮು, ಕರೆಂಟು ಪೈಪು. ದೂರ ಕಟ್ಟಿದಷ್ಟೂ ಅಡುಗೆಮನೆ, ಶೌಚಾಲಯ, ಕೆಲಸದೋರು, ಎಲ್ಲ ಎರಡೆರಡು ಬೇಕು. ನದಿ ಇದ್ದದ್ದು ಪಾರ್ಕಿನ ಒಳಗೇ, ಅದಕ್ಕೇ ಕಣ್ಣು ಬಿತ್ತು.

ಪಲ್ಲವಿ, ಹಳೇದು ಬದಲಾಯ್ಸೋದೆಲ್ಲ ಕೆಟ್ಟದ್ದು ಅನ್ಬೇಡಮ್ಮ. ಇದೇ ಪಾರ್ಕಿನ ಕರಡಿಗಳ ಹಾಡಿನ ಶೋ 1971ರದ್ದು, 2024ರ ಜುಲೈನಾಗೆ ಹಾಡು ಬದಲಾಯ್ಸಿದ್ರು, ಥಿಯೇಟರ್ ಅದೇ, ಕರಡಿಗಳೂ ಅವೇ. ಟೋಕಿಯೋದಾಗೆ ಸ್ಪೇಸ್ ಮೌಂಟನ್ ಅನ್ನೋ ರೋಲರ್ ಕೋಸ್ಟರ್ ಪೂರ್ತಿ ಕೆಡವಿ, ಸ್ಪೇಸ್ ಮೌಂಟನ್ ಅರ್ತ್‌ರೈಸ್ ಅನ್ನೋ ಹೆಸರಿನಾಗೆ 2027ಕ್ಕೆ ಹೊಸದು ಕೊಡ್ತೀವಿ ಅಂದಾರೆ. ಡಿಸ್ನಿ ವರ್ಲ್ಡ್‌ನದ್ದೇ ಇನ್ನೊಂದು ಪಾರ್ಕ್ ಎಪ್ಕಾಟ್‌ನ ನಾರ್ವೆ ದೋಣಿ ರೈಡ್ ಮಾತ್ರ ಪಾಠ ಕಲಿಬೇಕಾದ್ದು. 1988ರ ದೋಣಿ, ಕಾಲುವೆ ಹಂಗೇ ಇಟ್ಕೊಂಡು 2016ರಾಗೆ ಫ್ರೋಜನ್ ಸಿನಿಮಾದ ರೈಡ್ ಮಾಡಿದ್ರು. ನೋಡಾಕೆ ಬಹಳ ಚೆಂದ ಮಾಡ್ಯಾರೆ. ಆದ್ರೆ ದೋಣಿ, ಕಾಲುವೆ ಹಳೇವೇ, ಬರೋ ಜನ ಮಾತ್ರ ಹಳೇ ರೈಡಿಗಿಂತ ಬಹಳ ಪಾಲು ಹೆಚ್ಚು. ಅದಕ್ಕೇ ಇವತ್ತಿಗೂ ಅಲ್ಲಿ ಸಾಲು ಕರಗಲ್ಲ.

ಅಕ್ಕಾ, ನೀನು ಅತ್ತೇನ ಕರ್ಕೊಂಡು ಹೋಗ್ತೀಯಲ್ಲ, ಹಡಗಿನ ಬದ್ಲು ಇವು ನೋಡು. ಪಾರ್ಕಿನ ಹಬೆ ರೈಲು, ಪೂರ್ತಿ ಸುತ್ತು ಸುಮಾರು 20 ನಿಮಿಷ, ಕೂತೇ ಹೋಗಬಹುದು. ಕಾಮಗಾರಿ ಇರೋದ್ರಿಂದ ಓಡ್ತತೋ ಇಲ್ಲೋ ಬೆಳಿಗ್ಗೆ ಆ್ಯಪ್‌ನಾಗೆ ನೋಡ್ಕೋ. ಅದೇ ಪಾರ್ಕಿನ ಟುಮಾರೋಲ್ಯಾಂಡ್ ಭಾಗದಾಗೆ ಪೀಪಲ್‌ಮೂವರ್ ಅನ್ನೋ ಪುಟ್ಟ ರೈಲು 10 ನಿಮಿಷ, ನೆರಳು ಗಾಳಿ ಎರಡೂ ಐತಿ, ಆದ್ರೆ ಚಲಿಸೋ ಪಟ್ಟಿ ಮೇಲೆ ಹತ್ತಬೇಕು, ಮೊಣಕಾಲು ನೋವಿದ್ರೆ ಅತ್ತೆ ಕೈ ಹಿಡ್ಕೋ. ಮಧ್ಯಾಹ್ನ 2ರಿಂದ 4ರವರೆಗೆ ಬಯಲಿನ ರೈಡ್ ಇಟ್ಕೋಬೇಡ, ಆ ಹೊತ್ತಿಗೆ ಕರಡಿ ಶೋ, ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಅನ್ನೋ ತಿರುಗೋ ಥಿಯೇಟರ್ ಶೋ, ಊಟ. ಬೆಳಿಗ್ಗೆ ಗೇಟು ತೆಗೆದ ಮೊದಲ ಒಂದು ತಾಸಿನಾಗೆ ಮಕ್ಕಳ ದೊಡ್ಡ ರೈಡ್ ಮುಗಿಸ್ಕೊಂಡುಬಿಡು. ಯಾವ ತಿಂಗಳು ಹೊರಡ್ತೀರಿ ಅಂತ ಹೇಳು, ಮಳೆ ನೋಡ್ಕೊಂಡು ದಿನದ ಪಟ್ಟಿ ಬರೆದು ಕಳಿಸ್ತೀನಿ.