ಹಗ್ಗಕ್ಕೆ ತಾಗದ ಬಾವಲಿ ವಿದ್ಯುತ್ ತಂತಿಯಲ್ಲಿ ಸಾಯುವುದೇಕೆ?

ಪ್ರಶ್ನೆ (ಸೋಮವಾರಪೇಟೆಯ ಬೆಳೆಗಾರ):
ನಮ್ಮ ತೋಟದ ಹಳೆಯ ಕಾಫಿ ಗೋದಾಮಿನ ಅಟ್ಟದಲ್ಲಿ ಸಣ್ಣ ಬಾವಲಿಗಳಿವೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಅವು ಒಳಗೇ ಸುತ್ತು ಹಾಕುತ್ತವೆಯಾದರೂ, ಬಟ್ಟೆ ಒಣಗಿಸಲು ಕಟ್ಟಿರುವ ಹಗ್ಗಗಳಿಗೆ ಒಂದೂ ತಾಗಿದ್ದನ್ನು ನಾನು ಕಂಡಿಲ್ಲ. ಆದರೆ ಗದ್ದೆಯ ಬದಿಯ ಅತ್ತಿಮರಕ್ಕೆ ಬರುವ ದೊಡ್ಡ ಬಾವಲಿಗಳು ತಂತಿಯಲ್ಲಿ ಸತ್ತು ನೇತಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿಧ್ವನಿಯಿಂದ ದಾರಿ ಅರಿಯುವ ಪ್ರಾಣಿಗೆ ಈ ಗತಿ ಏಕೆ?

ಉತ್ತರ 1 (ಪೊನ್ನಂಪೇಟೆ):
ನೀವು ನೋಡಿರುವುದು ಎರಡು ಬೇರೆ ಬೇರೆ ಬಗೆಯ ಬಾವಲಿಗಳನ್ನು. ಅಟ್ಟದಲ್ಲಿರುವವು ಕೀಟ ತಿನ್ನುವವು. ಅವು ಗಂಟಲಿನಿಂದ, ನಮ್ಮ ಕಿವಿಯ ಮಿತಿಯಾದ 20,000 ಹರ್ಟ್ಜ್‌ಗಿಂತ ಹೆಚ್ಚಿನ ಕಂಪನದ ಕೂಗುಗಳನ್ನು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯ ವಿಳಂಬದಿಂದ ದೂರವನ್ನು ಅಳೆಯುತ್ತವೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, 1.7 ಮೀಟರ್ ಆಚೆಗಿನ ಹಗ್ಗದ ಸುದ್ದಿ, ಕೂಗು ಹೋಗಿ ಮರಳುವುದೂ ಸೇರಿ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಿವಿಗೆ ತಲುಪುತ್ತದೆ. ಹುಳುವಿನ ಸಮೀಪಕ್ಕೆ ಬಂದಂತೆಲ್ಲ ಕೂಗುಗಳು ದಟ್ಟವಾಗುತ್ತವೆ; ಹಿಡಿಯುವ ಕೊನೆಯ ಗಳಿಗೆಯಲ್ಲಿ ಕೆಲವು ಜಾತಿಗಳು ಸೆಕೆಂಡಿಗೆ 150ಕ್ಕೂ ಹೆಚ್ಚು ಬಾರಿ ಕೂಗುತ್ತವೆ.

ಅತ್ತಿಹಣ್ಣಿಗೆ ಬರುವ ದೊಡ್ಡ ಬಾವಲಿಗೆ ಈ ವಿದ್ಯೆ ಇಲ್ಲ. ಅದು ದೊಡ್ಡ ಕಣ್ಣು ಮತ್ತು ಮೂಗನ್ನೇ ನಂಬಿದೆ. ರಾತ್ರಿಯಲ್ಲಿ ತಂತಿ ಕಾಣಿಸುವುದೇ ಕಷ್ಟ, ಅದರ ಮೇಲೆ ಒಂದು ಮೀಟರಿಗೂ ಮಿಗಿಲಾದ ರೆಕ್ಕೆಯ ಹರವು ಒಮ್ಮೆಗೇ ಎರಡು ತಂತಿಗಳನ್ನು ಮುಟ್ಟಿದರೆ ವಿದ್ಯುತ್ ಹರಿದು ಸಾಯುತ್ತದೆ.

ಉತ್ತರ 2 (ಮಡಿಕೇರಿ):
ಒಂದು ಸಣ್ಣ ಸೇರ್ಪಡೆ. ಹಣ್ಣು ತಿನ್ನುವವುಗಳಲ್ಲಿಯೂ ರೂಸೆಟಸ್ ಕುಲದವು ನಾಲಿಗೆಯನ್ನು ಲೊಟಕಿಸಿ ಗುಹೆಯೊಳಗೆ ದಾರಿ ಕಂಡುಕೊಳ್ಳುತ್ತವೆ. ಇನ್ನು ಬಾವಲಿ ಕುರುಡು ಎಂಬ ನಮ್ಮ ಹಿರಿಯರ ಮಾತು ಸರಿಯಲ್ಲ. ಯಾವ ಬಾವಲಿಯೂ ಕುರುಡಲ್ಲ. ಇಟಲಿಯ ವಿಜ್ಞಾನಿ ಸ್ಪಲ್ಲಾನ್‌ಜಾನಿ 1790ರ ದಶಕದಲ್ಲಿ, ಕಣ್ಣಿಲ್ಲದೆಯೂ ಬಾವಲಿ ತಡೆಗಳನ್ನು ತಪ್ಪಿಸುತ್ತದೆಯೆಂದು ತೋರಿಸಿದರು. ಜಿನೀವಾದ ವಿಜ್ಞಾನಿ ಜುರಿನ್ ಅವುಗಳ ಕಿವಿ ಮುಚ್ಚಿದಾಗ ಅವು ಎಲ್ಲೆಂದರಲ್ಲಿ ಡಿಕ್ಕಿ ಹೊಡೆದವು. ಆದರೂ ಕೇಳಿಸದ ಸದ್ದನ್ನು ಯಾರು ನಂಬುತ್ತಾರೆ? ಅದು ಯಂತ್ರಕ್ಕೆ ಸಿಕ್ಕಿದ್ದು ಅಮೆರಿಕದ ಪ್ರಾಣಿವಿಜ್ಞಾನಿ ಡೊನಾಲ್ಡ್ ಗ್ರಿಫಿನ್ ಅವರ ಕಾಲದಲ್ಲಿ, 1938ರಲ್ಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಷ್ಟು ಜೋರಾಗಿ ಕೂಗಿದರೆ ಅವುಗಳ ಕಿವಿಯೇ ಕಿವುಡಾಗುವುದಿಲ್ಲವೇ?

ಉತ್ತರ 1 (ಪೊನ್ನಂಪೇಟೆ):
ಕೂಗುವ ಗಳಿಗೆಯಲ್ಲಿ ನಡುಗಿವಿಯ ಒಂದು ಸ್ನಾಯು ಬಿಗಿದು ಕೇಳುವಿಕೆಯನ್ನು ತಗ್ಗಿಸುತ್ತದೆ, ಪ್ರತಿಧ್ವನಿ ಬರುವಷ್ಟರಲ್ಲಿ ಸಡಿಲಗೊಳ್ಳುತ್ತದೆ. ನಿಮ್ಮ ಅಟ್ಟದವುಗಳನ್ನು ಟಾರ್ಚ್ ಬೆಳಕಿನಲ್ಲಿ ದೂರದಿಂದಲೇ ಒಮ್ಮೆ ಗಮನಿಸಿ, ಕೈಯಿಂದ ಮಾತ್ರ ಹಿಡಿಯಬೇಡಿ, ಕಚ್ಚಿದರೆ ರೇಬೀಸ್ ಭಯವಿದೆ. ಮೂಗಿನ ಸುತ್ತ ಕುದುರೆಯ ಲಾಳದಂತಹ ಚರ್ಮದ ಮಡಿಕೆ ಕಂಡರೆ, ಅವು ಬಾಯಿ ಮುಚ್ಚಿಕೊಂಡು ಮೂಗಿನಿಂದಲೇ ಕೂಗುವ ಜಾತಿಯವು.