ಉಪ್ಪುನೀರಿನ ಟ್ಯಾಂಕಿನಲ್ಲಿ ಲೇಸರ್ ಸಿಗ್ನಲ್ ಸ್ಥಿರವಾಗಿ ನಿಲ್ಲುತ್ತಲೇ ಇಲ್ಲ, ಸಹಾಯ ಮಾಡಿ

ಕಡಲದೀಪ: ತಲೆ ಕೆಟ್ಟುಹೋಗಿದೆ. ಕಡಲ ನೀರಿನಲ್ಲಿ ಲೇಸರ್ ಸಿಗ್ನಲ್ ಕಳಿಸುವ ಪ್ರಯೋಗ. ನಾಲ್ಕಡಿ ಅಕ್ವೇರಿಯಂ, ಒಂದು ಕಡೆ ಹಸಿರು ಲೇಸರ್, ಇನ್ನೊಂದು ಕಡೆ ಬೆಳಕು ಹಿಡಿಯುವ ಫೋಟೋಡಯೋಡ್. ಸಿಹಿನೀರಿನಲ್ಲಿ ಆಸಿಲೋಸ್ಕೋಪ್ (ಸಿಗ್ನಲ್ ತೋರಿಸುವ ಪರದೆ) ಗೆರೆ ನೆಟ್ಟಗಿತ್ತು. ಈಗ ಸಿಗ್ನಲ್ ಏರಿಳಿಯುತ್ತದೆ, ಆಗಾಗ ಸೊನ್ನೆಗೇ ಬೀಳುತ್ತದೆ. ನೀರು ತಿಳಿಯಾಗಿಯೇ ಇದೆ. ಡಯೋಡ್ ಬದಲಾಯಿಸಿದರೂ ಅದೇ ಗೋಳು.

ಮಸೂರಪ್ರಿಯ: ಪಾಯಿಂಟರ್ ತಾನೇ? ಕಳ್ಳ ಅದೇ. 532 ನ್ಯಾನೊಮೀಟರ್ ತರಂಗಾಂತರದ ಅಗ್ಗದ ಹಸಿರು ಪಾಯಿಂಟರ್ ಒಳಗೆ 808ರ ಲೇಸರ್ ಡಯೋಡ್, ಅದರಿಂದ 1064ರ ಬೆಳಕು, ಆಮೇಲೆ ಹರಳು ಆ ತರಂಗಾಂತರವನ್ನು ಅರ್ಧ ಮಾಡುತ್ತದೆ. ಬಿಸಿಯಾದರೆ ಪವರ್ ಕುಣಿಯುತ್ತದೆ. ಹರಳಿಲ್ಲದೆ ನೇರವಾಗಿ ಹಸಿರು ಕೊಡುವ 520ರ ಲೇಸರ್ ಡಯೋಡ್ ತಗೊಳ್ಳಿ.

ಕಡಲದೀಪ: ಹೊರಗೆ ಗಾಳಿಯಲ್ಲಿ ಅಲುಗಾಡಲ್ಲ ಸಾರ್.

ಮಸೂರಪ್ರಿಯ: ಎಷ್ಟು ಹೊತ್ತು ನೋಡಿದ್ರಿ? ಲೇಸರಿಗೆ, ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್ ಹಾಕಿ.

ಕೆಂಪುಕಿರಣ: ಸುಮ್ನೆ 650ರ ಕೆಂಪು ಹಾಕಿ. ಹರಳಿನ ರಗಳೆಯೇ ಇಲ್ಲ.

ಮಸೂರಪ್ರಿಯ: ಸಮುದ್ರದ ಕೆಲಸಕ್ಕೆ ಕೆಂಪಾ? ಶುದ್ಧ ನೀರೇ ಒಂದು ಮೀಟರ್‌ನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ನುಂಗುತ್ತದೆ.

ಕೆಂಪುಕಿರಣ: ಅದು ನಾಲ್ಕಡಿ ಟ್ಯಾಂಕ್ ಮಾರಾಯ್ರೆ, ಅರಬ್ಬಿ ಸಮುದ್ರ ಅಲ್ಲ.

ನೊರೆತೆರೆ: ಹೀಟರ್ ಆನ್ ಇದೆಯಾ? ಉಪ್ಪು ಯಾವಾಗ ಹಾಕಿದ್ರಿ?

ಕಡಲದೀಪ: ಹೀಟರ್ ಇದ್ದೇ ಇರುತ್ತಲ್ಲ, 28 ಡಿಗ್ರಿಗೆ. ಉಪ್ಪು ಇವತ್ತು ಸಂಜೆ, ಲೀಟರಿಗೆ 35 ಗ್ರಾಂ. ಮೂಲೆಯಲ್ಲಿ ಸುರಿದು ಕೈಯಾಡಿಸಿದೆ. ತಳದಲ್ಲಿ ಸ್ವಲ್ಪ ಕೂತಿದೆ.

ನೊರೆತೆರೆ: ಇದನ್ನು ಮೊದಲೇ ಹೇಳಬಾರದಾ! ಉಪ್ಪು ಹೆಚ್ಚಿದರೆ ನೀರಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನೋ ಅಳತೆ) ಏರುತ್ತದೆ, ನೀರು ಬಿಸಿಯಾದರೆ ಇಳಿಯುತ್ತದೆ. 1 ಡಿಗ್ರಿಗೆ ಸುಮಾರು 0.0001, ಲೀಟರಿಗೆ 1 ಗ್ರಾಂ ಉಪ್ಪಿಗೆ ಹೆಚ್ಚುಕಮ್ಮಿ ಅದರ ಎರಡರಷ್ಟು. ಸರಿಯಾಗಿ ಬೆರೆಯದ ನೀರಿನ ಸುಳಿಗಳು ಅಡ್ಡ ಬಂದಾಗಲೆಲ್ಲ ಕಿರಣ ಬಾಗುತ್ತದೆ, ಚುಕ್ಕೆ ಡಯೋಡ್ ಬಿಟ್ಟು ಓಡುತ್ತದೆ. ನೀರು ಬರೀ ಕದಡಿದ್ದರೆ ಬೆಳಕು ಚದುರಿ ಒಟ್ಟಾರೆ ಮಂಕಾಗುತ್ತಿತ್ತು, ಹೀಗೆ ಮಿನುಗುತ್ತಿರಲಿಲ್ಲ. ಡಯೋಡ್ ಜಾಗದಲ್ಲಿ ಬಿಳಿ ಕಾಗದ ಇಟ್ಟು ನೋಡಿ.

ಕಡಲದೀಪ: ನೋಡಿದೆ. ಚುಕ್ಕೆ ಒಮ್ಮೆ ಉದ್ದಕ್ಕೆ ಎಳೆಯುತ್ತದೆ, ಒಮ್ಮೆ ಎರಡಾಗಿ ಹರಿಯುತ್ತದೆ, ಮತ್ತೆ ಕೂಡುತ್ತದೆ. ಹೀಟರ್ ಆರಿಸಿದರೆ ಕಮ್ಮಿ, ಆದರೆ ಪೂರ್ತಿ ನಿಂತಿಲ್ಲ.

ಮಸೂರಪ್ರಿಯ: ಬಿಸಿ ಅಂತ ನಾನು ಆಗಲೇ ಹೇಳಿದ್ದೆ ಅಲ್ವಾ?

ನೊರೆತೆರೆ: ನೀವು ಹೇಳಿದ್ದು ಲೇಸರಿನ ಬಿಸಿ! ಕಡಲದೀಪ, ಉಪ್ಪನ್ನು ಬಕೆಟ್‌ನಲ್ಲಿ ಪೂರ್ತಿ ಕರಗಿಸಿ ಹಾಕಿ, ರಾತ್ರಿಯಿಡೀ ಬಿಡಿ. ಡಯೋಡ್ ಮುಂದೆ ದೊಡ್ಡ ಮಸೂರ ಇಡಿ. ಚುಕ್ಕೆ ಅಲೆದಾಡಿದರೂ ಬೆಳಕನ್ನು ಬಾಚಿ ಡಯೋಡ್‌ಗೆ ಕೊಡುತ್ತದೆ. ನಿಜವಾದ ಕಡಲಿಗೆ ಇಳಿದರೆ ಸುಳಿ ನಿಲ್ಲಿಸೋಕಾಗಲ್ಲ, ಮಸೂರವೇ ಗತಿ.

ಕೆಂಪುಕಿರಣ: ನನ್ನದು ಆರಡಿ ಟ್ಯಾಂಕ್, ಕೆಳಗೆ ಗ್ರಾನೈಟ್ ಚಪ್ಪಡಿ. ಲಾರಿ ಹೋದರೂ ಚುಕ್ಕೆ ಅಲುಗಲ್ಲ.

ಮಸೂರಪ್ರಿಯ: ಚಪ್ಪಡಿ ಎಷ್ಟು ದಪ್ಪ? ಎಲ್ಲಿ ಸಿಕ್ತು?

ಕೆಂಪುಕಿರಣ: ಅಡುಗೆಮನೆ ಕಟ್ಟೆ ಕೆಲಸದಲ್ಲಿ ಉಳಿದಿದ್ದು. ಫೋಟೋ ಹಾಕ್ತೀನಿ ಇರಿ.